ಹನ್ನೊಂದನೇ ಸಾಲಿನ ಎಮ್ಮೆ

ನಮ್ಮ ಅತ್ತೆ ಗೌರವ್ವ ಇನ್ನು ಮೇಲೆ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿಯದೆ ಇದ್ದಿದ್ದರೆ ‘ಸೆರಗು’ ಎಂಬ ಯಂತ್ರ ಹುಟ್ಟುತ್ತಲೇ ಇರಲಿಲ್ಲ. ಯಾರಾದರೂ ಪತ್ರಿಕೆಯವರು ಕೇಳಿದರೆ ನಾನು ಸೂಕ್ಷ್ಮ ಮಸೂರ, ಬೆಳಕಿನ ಕೋನ ಎಂದು ದೊಡ್ಡ ದೊಡ್ಡ ಮಾತಾಡುತ್ತೇನೆ. ನಿಜ ಹೇಳಬೇಕೆಂದರೆ ಎಲ್ಲದರ ಮೂಲ ಅತ್ತೆಯ ಸಿಟ್ಟು.

ಎರಡು ವರ್ಷದ ಹಿಂದೆ ಅತ್ತೆ ನನ್ನ ಮಗಳು ತನ್ಮಯಿಯನ್ನು ಕರೆದುಕೊಂಡು ಮಸ್ಕತ್ತಿನಲ್ಲಿರುವ ತಮ್ಮ ಮಗಳು ಶೈಲಜಾಳ ಮನೆಗೆ ಹೊರಟಿದ್ದರು. ಈಗಿನ ವಿಮಾನಗಳಲ್ಲಿ ಜನ ತಮ್ಮ ಫೋನಿನಲ್ಲಿ ತುಂಬಿಕೊಂಡು ಬಂದದ್ದನ್ನೇ ಮುಂದಿನ ಸೀಟಿನ ಬೆನ್ನಿಗಿರುವ ಪರದೆಗೆ ಹಾಯಿಸಿ ನೋಡುತ್ತಾರಷ್ಟೆ? ಅತ್ತೆಯ ಪಕ್ಕದಲ್ಲಿ ಕೂತಿದ್ದ ಮಹಾನುಭಾವ ಊಟ ಮುಗಿಸಿ, ಕೈ ಒರೆಸಿಕೊಂಡು, ಬಟ್ಟೆ ಕಡಿಮೆ, ಉಸಿರು ಜಾಸ್ತಿ ಇರುವ ಒಂದು ಸಿನಿಮಾ ಹಚ್ಚಿದ. ಅತ್ತೆ ಕೆಮ್ಮಿದರು. ಇನ್ನೊಮ್ಮೆ ಜೋರಾಗಿ ಕೆಮ್ಮಿದರು. ನಮ್ಮ ಮನೆಗಳಲ್ಲಿ ಟೀವಿಯ ಮುಂದೆ ದೊಡ್ಡವರು ಕೆಮ್ಮಿದರೆ ಸಾಕು, ಚಾನೆಲ್ ತಾನಾಗಿ ಬದಲಾಗುತ್ತದೆ. ಅವನಿಗೆ ಮಾತ್ರ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಕಡೆಗೆ ಅತ್ತೆ ತಮ್ಮ ಇಳಕಲ್ ಸೀರೆಯ ಸೆರಗು ಎತ್ತಿ ಮೊಮ್ಮಗಳ ಮುಖಕ್ಕೆ ಅಡ್ಡ ಹಿಡಿದರು, ತಾವು ಕಣ್ಣು ಮುಚ್ಚಿಕೊಂಡರು. ಮಸ್ಕತ್ತಿನಲ್ಲಿ ಚಕ್ರ ನೆಲ ಮುಟ್ಟುವವರೆಗೆ ಆ ಕೈ ಇಳಿಯಲಿಲ್ಲ. ತನ್ಮಯಿ ಸೆರಗಿನ ಒಳಗೇ ಬೆವೆತು, ಅತ್ತು, ಮಲಗಿಬಿಟ್ಟಳು.

ತಿರುಗಿ ಬಂದವರು ಹೊಸ್ತಿಲು ದಾಟುವ ಮೊದಲೇ ಹೇಳಿಬಿಟ್ಟರು. “ನೀಲವ್ವಾ, ಇನ್ನ ನಾ ಸಾಯೂತನಕ ಇಮಾನ ಹತ್ತಂಗಿಲ್ಲ. ಮಣ್ಣಿನ ಮ್ಯಾಲೆ ಏನ ಬೇಕಾದ್ದ ನೋಡ್ಲಿ, ಎದ್ದ ಹೋಗಬಹುದು. ಮುಗಿಲಾಗ ಎಲ್ಲಿಗಿ ಎದ್ದ ಹೋಗೂದು?”

ಆಗ ನಾವೆಲ್ಲ ನಕ್ಕು ಸುಮ್ಮನಾದೆವು. ಈ ವರ್ಷ ನಗು ನಿಂತಿತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಶೈಲಜಾ ಬಸುರಿಯಾದಳು. ಅವಳು ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವಂತಿಲ್ಲ. ಬಾಣಂತನಕ್ಕೆ ತಾಯಿಯೇ ಹೋಗಬೇಕು. ದಿನಾ ವಿಡಿಯೋ ಕಾಲ್‌ನಲ್ಲಿ “ಯವ್ವಾ, ಬಾರ ಬೇ” ಎಂದು ಅವಳು ಕರೆಯುವುದು, “ನೋಡೂಣ” ಎಂದು ಇವರು ಮುಖ ತಿರುಗಿಸುವುದು. ಫೋನು ಇಟ್ಟ ಮೇಲೆ ಅಡಿಗೆಮನೆಗೆ ಹೋಗಿ ಅಳುತ್ತಿದ್ದರು. ಆದರೆ ಕೊಟ್ಟ ಮಾತು ಮುರಿಯುವ ಪೈಕಿ ಅಲ್ಲ. “ಹಡಗ ಇದ್ರ ಹೇಳು, ನಾಳೇನ ಹೊಂಡತೀನಿ” ಎಂದು ನನ್ನ ಗಂಡನಿಗೆ ಹೇಳಿದರು. ಅವರು ಪಾಪ, ಒಂದಿಡೀ ಭಾನುವಾರ ಕೂತು ಹಡಗು ಹುಡುಕಿದರು. ಸಿಗಲಿಲ್ಲ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಲ್ಯಾಬಿನಲ್ಲಿ ವಿಮಾನದ ಪರದೆಗಳ ಮೇಲೆ ಕೆಲಸ ಮಾಡುವವಳು. ಅತ್ತೆ ಎರಡು ವರ್ಷದ ಹಿಂದೆ ಬೈದದ್ದು ತಲೆಯಲ್ಲಿ ಹುಳದ ಹಾಗೆ ಕೊರೆಯುತ್ತಲೇ ಇತ್ತು. ಒಂದೇ ಪರದೆ, ನೋಡುವ ಕಣ್ಣಿಗೆ ತಕ್ಕಂತೆ ಬೇರೆ ಬೇರೆ ಚಿತ್ರ ತೋರಿಸಿದರೆ? ದೊಡ್ಡವರು ತಮ್ಮ ದುಡ್ಡಿಗೆ ತಮಗೆ ಬೇಕಾದದ್ದನ್ನು ನೋಡಿಕೊಳ್ಳಲಿ. ‘ದೊಡ್ಡವರಿಗೆ ಮಾತ್ರ’ ಎಂಬ ಗುರುತಿನ ಸಿನಿಮಾ ಓಡುವಾಗ ಪಕ್ಕದ ಮಗು ಇಣುಕಿದರೆ ಮಗುವಿಗೆ ಬೇರೇನೋ ಕಾಣಲಿ.

ಮೊದಲ ಅರ್ಧ ಸುಲಭ. ಹಿಂದೆ ಅಂಗಡಿಗಳಲ್ಲಿ ಒಂದು ಪಟ ಸಿಗುತ್ತಿತ್ತು, ಈ ಕಡೆಯಿಂದ ನೋಡಿದರೆ ಗಣಪತಿ, ಆ ಕಡೆಯಿಂದ ನೋಡಿದರೆ ಲಕ್ಷ್ಮಿ. ಅದೇ ಉಪಾಯ. ಪರದೆಯ ಪ್ರತಿ ಚುಕ್ಕೆಯ ಮುಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಮಸೂರ ಕೂರಿಸಿದೆವು. ಒಂದೊಂದು ದಿಕ್ಕಿಗೆ ಒಂದೊಂದು ಚಿತ್ರ ಕಳಿಸಲು ಬಂತು. ಎರಡನೇ ಅರ್ಧವೇ ತಲೆನೋವು. ಎದುರಿನ ಕಣ್ಣು ಮಗುವಿನದೋ ದೊಡ್ಡವರದೋ ಪರದೆಗೆ ಹೇಗೆ ತಿಳಿಯಬೇಕು? ಮುಖದ ಫೋಟೋ ತೆಗೆದಿಟ್ಟುಕೊಳ್ಳುವುದು ನನಗೆ ಸರಿಬರಲಿಲ್ಲ. ಆಗ ನನ್ನ ಸಹೋದ್ಯೋಗಿ ಮಕ್ತುಮ್ ನದಾಫ ಒಂದು ದಾರಿ ತೋರಿಸಿದ. ಮಕ್ಕಳ ಕಣ್ಣೊಳಗಿನ ಮಸೂರ ತಿಳಿನೀರಿನಂತೆ ಇರುತ್ತದೆ. ವಯಸ್ಸಾದಂತೆ ಅದು ನಿಧಾನವಾಗಿ ಹಳದಿಗೆ ತಿರುಗುತ್ತದೆ. ಅರಿವಿಗೆ ಬಾರದಷ್ಟು ಮಂದವಾದ ನೇರಳೆ ಬೆಳಕನ್ನು ಬಿಟ್ಟು, ಕಣ್ಣಿನಿಂದ ಎಷ್ಟು ತಿರುಗಿ ಬರುತ್ತದೆಂದು ನೋಡಿದರೆ ವಯಸ್ಸು ಸಿಕ್ಕಿತು. ಮುಖ ಬೇಡ, ಹೆಸರು ಬೇಡ. “ಕಣ್ಣ ನೋಡಿ ಜಾತಕ ಹೇಳೂ ಮಶಿನ್ ಆತಲ್ಲ” ಎಂದು ಮಕ್ತುಮ್ ಕುಣಿದಾಡಿದ.

ಇನ್ನು ಉಳಿದದ್ದು ಮಗುವಿಗೆ ಏನು ತೋರಿಸಬೇಕು ಎನ್ನುವುದು. ಇಷ್ಟು ಸಣ್ಣ ಪ್ರಶ್ನೆ ನಮ್ಮನ್ನು ಆಟ ಆಡಿಸಿದ್ದು ಅಷ್ಟಿಷ್ಟಲ್ಲ. ಲ್ಯಾಬಿನಲ್ಲೇ ಹಳೆಯ ಸೀಟುಗಳನ್ನು ಹಾಕಿ, ಶನಿವಾರ ಎಲ್ಲರ ಮಕ್ಕಳನ್ನೂ ಕರೆಸಿ ಕೂರಿಸಿದೆವು. ಪರದೆ ಕಪ್ಪಾದರೆ ಕೆಟ್ಟಿದೆ ಎಂದು ಮಕ್ಕಳು ಬಂದು ತಟ್ಟಿ ನೋಡಿದವು. ಮಸುಕು ಮಾಡಿದರೆ ಕಣ್ಣು ಕಿರಿದು ಮಾಡಿಕೊಂಡು ಇನ್ನಷ್ಟು ಹತ್ತಿರ ಬಂದವು. ಕಾರ್ಟೂನ್ ಹಾಕಿದರೆ ತಮ್ಮ ಪರದೆ ಬಿಟ್ಟು ಪಕ್ಕದವರ ಹೆಗಲ ಮೇಲೇ ಬಿದ್ದವು. ಮೀನು, ನವಿಲು, ರೈಲು, ಎಲ್ಲಕ್ಕೂ ಅದೇ ಗತಿ. ನಮಗೆ ಬೇಕಾಗಿದ್ದದ್ದು ಮಗು ಒಂದು ಸಲ ನೋಡಿ ‘ಅಯ್ಯ, ಇಷ್ಟೇನಾ’ ಎಂದು ತಿರುಗಿಬಿಡುವಂಥ ಚಿತ್ರ.

ಕಡೆಗೆ ಮಕ್ತುಮ್ ತನ್ನ ಫೋನಿನಿಂದ ಒಂದು ವಿಡಿಯೋ ತೆಗೆದ. ಅವನ ಮಾವನ ಊರ ಕೆರೆಯಲ್ಲಿ ಒಂದು ಎಮ್ಮೆ ಕುತ್ತಿಗೆಯವರೆಗೆ ಮುಳುಗಿ ಕೂತಿದೆ. ಮೆಲುಕು ಹಾಕುತ್ತದೆ. ಒಮ್ಮೆ ಕಿವಿ ಅಲ್ಲಾಡಿಸುತ್ತದೆ. ಮತ್ತೆ ಮೆಲುಕು. ಮಕ್ಕಳು ನೋಡಿದವು, ಆಕಳಿಸಿದವು, ತಮ್ಮ ತಮ್ಮ ಪರದೆಗೆ ತಿರುಗಿದವು. ನಾವು ಒಬ್ಬರಿಗೊಬ್ಬರು ಕೈ ಕುಲುಕಿದೆವು. ಜಗತ್ತಿನಲ್ಲಿ ಎಮ್ಮೆಯಷ್ಟು ಬೇಸರದ ಪ್ರಾಣಿ ಇಲ್ಲ ಎಂದು ಅಂದು ತೀರ್ಮಾನಿಸಿದೆವು. ಎಷ್ಟು ಓದಿದರೇನು!

ಒಂದು ವಿಮಾನ ಕಂಪನಿ ಪರೀಕ್ಷೆಗೆ ಒಪ್ಪಿತು. ಹುಬ್ಬಳ್ಳಿಯಿಂದ ಮುಂಬೈ, ಅಲ್ಲಿಂದ ಮಸ್ಕತ್. ಎರಡೂ ವಿಮಾನಗಳಲ್ಲಿ ನಮ್ಮ ಪರದೆಗಳು. ಸಂಜೆ ಮನೆಗೆ ಬಂದು ಅತ್ತೆಯ ಮುಂದೆ ಕೂತೆ.

“ಅತ್ತೀ, ಕೂಸಿನ ಕಣ್ಣಿಗಿ ಇನ್ನ ಹೇಸಿಗಿ ಬೀಳಂಗಿಲ್ರಿ. ನಾ ಮಾಡೀನಿ. ತನ್ಮಯಿನ್ನ ನಿಮ್ಮ ಜೋಡಿ ಕೂಡಸ್ತೀನಿ, ನಾನೂ ಅದ ಇಮಾನದಾಗ ಹಿಂದ ಇರ್ತೀನಿ.”

“ಕೂಸಿಂದಾತು. ನನ್ನ ಕಣ್ಣಿಗಿ?”

ದೊಡ್ಡವರ ಕಣ್ಣಿಗೆ ಸೆರಗು ಇಲ್ಲ. “ನೀವು ಕಿಡಕಿ ಕಡೆ ನೋಡ್ರಿ” ಎಂದೆ.

ಅತ್ತೆಗೆ ಮಗಳ ಮುಖ ಕಣ್ಣ ಮುಂದೆ ಬಂದಿರಬೇಕು. “ಒಂದ ಮಾತ. ಮುಂಬೈತನಕ ಬರ್ತೀನಿ. ದಾರ್ಯಾಗ ನನ್ನ ಕಣ್ಣಿಗೆ ಅಂಥಾದ್ದು ಬಿತ್ತಂದ್ರ, ಅಲ್ಲಿಂದ ರೈಲ ಹತ್ತಿ ಹುಬ್ಬಳ್ಳಿಗಿ ಬಂದಬಿಡ್ತೀನಿ. ಆಮ್ಯಾಲೆ ಯಾರೂ ಜುಲ್ಮಿ ಮಾಡಬಾರದು.”

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಅಂದೇ ಅವರು ಅಂಟಿನ ಉಂಡಿ ಕಟ್ಟಲು ಕೂತರು. ಬಾಣಂತಿಗೆಂದು ಮಾಡಿದ ಉಂಡಿಯ ಡಬ್ಬಿ ಇಷ್ಟು ಭಾರವಿತ್ತೆಂದರೆ ಅದಕ್ಕೇ ಒಂದು ಟಿಕೆಟ್ ತೆಗೆಯಬೇಕಿತ್ತು.

ವಿಮಾನದಲ್ಲಿ ಹನ್ನೊಂದನೇ ಸಾಲಿನಲ್ಲಿ ಕಿಟಕಿಗೆ ತನ್ಮಯಿ ಕೂತಳು. ಕಿಟಕಿ ತನಗೇ ಬೇಕೆಂದು ಅವಳು ರಂಪ ಮಾಡಿದ್ದರಿಂದ ಅತ್ತೆ ನಡುವೆ ಬಂದರು. ನನ್ನ ಯೋಜನೆಯ ಮೊದಲ ಕಲ್ಲು ಅಲ್ಲೇ ಉರುಳಿತು. ದಾರಿಯ ಕಡೆಯ ಸೀಟಿಗೆ ಒಬ್ಬ ಯುವಕ ಬಂದ, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಸಣ್ಣಗೆ ವಿಭೂತಿ. ಒಳ್ಳೆಯವನ ಹಾಗೆ ಕಂಡ. ನಾನೂ ಮಕ್ತುಮನೂ ಕಡೆಯ ಸಾಲಿನಲ್ಲಿ ಒಂದು ಟ್ಯಾಬ್ಲೆಟ್ ಹಿಡಿದು ಕೂತೆವು. ಅದರಲ್ಲಿ ಎಲ್ಲ ಸೀಟುಗಳ ನಕ್ಷೆ. ಯಾವ ಪರದೆ ಯಾರಿಗಾದರೂ ಎಮ್ಮೆ ತೋರಿಸುತ್ತದೋ ಅಲ್ಲಿ ಒಂದು ಕರಿ ಚುಕ್ಕೆ, ಎಷ್ಟು ಕಣ್ಣುಜೋಡಿಗೆ ತೋರಿಸುತ್ತಿದೆ ಎನ್ನುವ ಸಂಖ್ಯೆ.

ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿತೋ ಇಲ್ಲವೋ, ಹನ್ನೊಂದನೇ ಸಾಲಿನಲ್ಲೇ ಚುಕ್ಕೆ ಮೂಡಿತು. ವಿಭೂತಿ ಹಚ್ಚಿದ ಒಳ್ಳೆಯವನ ಪರದೆ. ಅತ್ತೆಗೆ ಈಗ ಎಲ್ಲ ಕಾಣುತ್ತಿರಬೇಕು. ಮುಗಿಯಿತು, ರೈಲು, ಹುಬ್ಬಳ್ಳಿ, ಶೈಲಜಾಳ ಅಳು.

“ನೀಲಕ್ಕಾ, ಇಲ್ನೋಡ್ರಿ” ಎಂದು ಮಕ್ತುಮ್ ಬೆರಳು ಇಟ್ಟ. “ಚುಕ್ಕಿ ಮ್ಯಾಲೆ ಎರಡು ಅಂತ ಬಂದೈತಿ. ಅಲ್ಲಿ ಇರೂದು ಒಂದ ಕೂಸು. ಎರಡನೇದ್ದು ಯಾರದು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೋದ ವರ್ಷ ಅತ್ತೆಗೆ ಎರಡೂ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಹಳದಿ ತಿರುಗಿದ ಹಳೆಯ ಮಸೂರ ತೆಗೆದು, ಹೊಚ್ಚ ಹೊಸದು ಹಾಕಿದ್ದರು. ತಿಳಿನೀರಿನಂಥದು. ನಮ್ಮ ಯಂತ್ರ ಪ್ರಾಮಾಣಿಕವಾಗಿ ಅಳೆದು, ಅರವತ್ತೊಂಬತ್ತು ವರ್ಷದ ನನ್ನ ಅತ್ತೆಯನ್ನು ಸಣ್ಣ ಹುಡುಗಿ ಎಂದು ತಿಳಿದಿತ್ತು. ಸೊಸೆಯಾಗಿ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಜೊತೆಗಿದ್ದವಳು ನಾನೇ. ಲ್ಯಾಬಿನಲ್ಲಿ ಕೂತಾಗ ಮಾತ್ರ ಅದು ಹೊಳೆದಿರಲಿಲ್ಲ.

ಹಾಗಾದರೆ ಅತ್ತೆಗೆ ಈಗ ಕಾಣುತ್ತಿರುವುದು ಎಮ್ಮೆ!

ನಾನು ನೀರು ಕುಡಿಯುವ ನೆಪ ಮಾಡಿ ದಾರಿಯಲ್ಲಿ ಮುಂದೆ ಹೋದೆ. ಅತ್ತೆ ಪಕ್ಕದವನ ಪರದೆಯನ್ನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಎಮ್ಮೆ ಕಟ್ಟಿದವರು, ಹುಬ್ಬಳ್ಳಿಗೆ ಬಂದ ಮೇಲೆ ಪ್ಯಾಕೆಟ್ ಹಾಲು ಕುಡಿದು ಬೇಸತ್ತವರು. ಮಕ್ಕಳನ್ನು ಆಕಳಿಸುವಂತೆ ಮಾಡಿದ ವಿಡಿಯೋ ಅವರ ಮುಖದಲ್ಲಿ ದೀಪ ಹಚ್ಚಿತ್ತು. ಕಡೆಗೆ ತಡೆಯಲಾರದೆ ಆ ಯುವಕನ ಮೊಣಕೈ ತಟ್ಟಿದರು. ಅವನು ಬೆಚ್ಚಿ ಹೆಡ್‌ಫೋನ್ ತೆಗೆದ.

“ಎಷ್ಟ ಛಂದ ಐತೋ ತಮ್ಮಾ! ನಿಮ್ಮನೀದೇನು?”

ಅವನ ಮುಖ ಬಿಳಿಚಿಕೊಂಡಿತು. “ಯಾ... ಯಾವುದ್ರಿ ಅಮ್ಮಾರ?”

“ಇದ ಮತ್ತ. ಮೈ ನೋಡು, ಹ್ಯಾಂಗ ಮಿಂಚತೈತಿ. ಈಗಿನ ಹುಡುಗ್ರು ಇಂಥಾವೆಲ್ಲಾ ನೋಡಂಗಿಲ್ಲ ಅಂತ ತಿಳಕೊಂಡಿದ್ದೆ.”

ಅವನು ಪರದೆ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಪರದೆ ನೋಡಿದ. ಅವನಿಗೆ ಅಲ್ಲಿ ಕಾಣುತ್ತಿದ್ದದ್ದು ಯಾವ ಕೆರೆಯಲ್ಲೂ ಇರುವಂಥದ್ದಲ್ಲ.

“ಹಾಲ ಎಷ್ಟ ಕೊಡತೈತಿ?” ಎಂದು ಅತ್ತೆ ಕೇಳಿದರು.

ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಆಗ ತನ್ಮಯಿ ಅಜ್ಜಿಯ ತೊಡೆಯ ಮೇಲೆ ಬಾಗಿ ನೋಡಿ, “ಆಯಿ, ಅಂಕಲ್ ಟೀವ್ಯಾಗ ಎಮ್ಮಿ ಐತಿ!” ಎಂದು ಕೂಗಿದಳು. ಸಾಕಿತ್ತು. ಎಮ್ಮೆ ಎಂಬ ಶಬ್ದ ಸಾಲಿನಿಂದ ಸಾಲಿಗೆ ಹಾರಿತು. ಹಿಂದಿನ ಸೀಟಿನ ಹುಡುಗಿ ಎದ್ದು ನಿಂತು ಇಣುಕಿ, “ಹೌದ, ಎಮ್ಮಿ!” ಎಂದು ಸಾಕ್ಷಿ ಹೇಳಿದಳು. ಅವಳ ಪಕ್ಕದ ದೊಡ್ಡವರು ಇಣುಕಿ, ಏನೂ ಹೇಳದೆ ಕೂತುಬಿಟ್ಟರು. ಮುಂದೆ ಎಲ್ಲಿಂದಲೋ ಇನ್ನೊಂದು ಪುಟ್ಟ ಗಂಟಲು ಕೂಗಿತು. “ಮಮ್ಮೀ, ಪಪ್ಪಾನ ಟೀವ್ಯಾಗೂ ಎಮ್ಮಿ ಐತಿ, ನೋಡ ಬಾ!” ಆ ಮಮ್ಮಿ ಪ್ರೀತಿಯಿಂದ ಬಾಗಿ ನೋಡಿದಳು. ಅವಳ ಕಣ್ಣಿಗೆ ಬಿದ್ದದ್ದು ಎಮ್ಮೆಯಲ್ಲ. ಪಪ್ಪನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದಲೇ ಕಂಡಿತು.

ಲ್ಯಾಬಿನಲ್ಲಿ ಬೇಸರ ತರಿಸಿದ ಎಮ್ಮೆ ಇಲ್ಲಿ ಹೇಗೆ ಹೀರೋ ಆಯಿತು ಎಂದು ನನಗೆ ಆಗ ಹೊಳೆಯಿತು. ಲ್ಯಾಬಿನಲ್ಲಿ ಒಂದೇ ಎಮ್ಮೆ, ಎಲ್ಲರೂ ನೋಡಿದರು, ಮುಗಿಯಿತು. ಇಲ್ಲಿ ಅದು ಕೆಲವರ ಹತ್ತಿರ ಮಾತ್ರ ಬರುತ್ತದೆ, ಮಕ್ಕಳಿಗೆ ಮಾತ್ರ ಕಾಣುತ್ತದೆ, ಹುಡುಕಿದಷ್ಟೂ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಆಟ ಬೇಕೆ? ಮಕ್ಕಳು ದಾರಿಯುದ್ದಕ್ಕೂ ಎಮ್ಮೆ ಹುಡುಕಿ ಹೊರಟವು. ಹಿಂದೆ ಮಕ್ತುಮನ ಟ್ಯಾಬ್ಲೆಟ್ಟಿನ ಮೇಲೆ ಕರಿ ಚುಕ್ಕೆಗಳು ಒಂದೊಂದಾಗಿ ಆರತೊಡಗಿದವಂತೆ. ನೋಡುನೋಡುತ್ತಿದ್ದಂತೆ ಇಡೀ ವಿಮಾನದ ದೊಡ್ಡವರೆಲ್ಲ ನಕ್ಷೆಯ ಚಾನೆಲ್ಲಿಗೆ ಬಂದು, ಬೆಳಗಾವಿ ದಾಟುತ್ತಿರುವ ಒಂದು ಪುಟ್ಟ ವಿಮಾನದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಹನ್ನೊಂದನೇ ಸಾಲಿನ ಯುವಕನೂ ನಕ್ಷೆ ಹಾಕಿಕೊಂಡ. ಎಮ್ಮೆ ಮಾಯವಾಯಿತು.

“ಯಾಕ ತಗದ್ಯೋ ತಮ್ಮಾ?” ಅತ್ತೆಗೆ ನಿಜಕ್ಕೂ ಬೇಜಾರಾಗಿತ್ತು. “ಹಾಕ, ಹಾಕ. ಮುದುಕಿ ನೋಡಿದ್ರ ಸವೀತದೇನು? ಮುಂದ ಏನ ಮಾಡತೈತಿ ನೋಡೂಣ.”

“ಬ್ಯಾಡ್ರಿ ಅಮ್ಮಾರ...”

“ಆಯಿ ಹೇಳಾಕತ್ತಾಳಲ್ಲ, ಹಾಕ್ರಿ ಅಂಕಲ್” ಎಂದು ನನ್ನ ಮಗಳೂ ಶಿಫಾರಸು ಮಾಡಿದಳು. ಸುತ್ತಲ ಸೀಟಿನಿಂದ ನಾಲ್ಕಾರು ಮಕ್ಕಳು, “ಹಾಕ್ರಿ, ಹಾಕ್ರಿ” ಎಂದವು. ಆ ಯುವಕನ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತ್ತು. ಎರಡು ವರ್ಷದ ಹಿಂದಿನ ಸಿಟ್ಟು ನನ್ನಲ್ಲಿ ಇನ್ನೂ ಇತ್ತು. ಇವನು ಅವನಲ್ಲದಿದ್ದರೂ ಇವನ ಮೇಲೇ ತೀರಿಸಿಕೊಳ್ಳೋಣ ಅನ್ನಿಸಿತ್ತು. ಆದರೆ ಆ ಮುಖ ನೋಡಿ ಪಾಪ ಎನ್ನಿಸಿತು. ಅವನ ಸೀಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ, “ಈ ಪರದೆ ನಮ್ಮದ್ರಿ. ಖರೇ ಖರೇ ಎಮ್ಮಿ ಹಾಕಲೇನು?” ಎಂದೆ.

ಅವನು ಏನೂ ಕೇಳಲಿಲ್ಲ. “ಹಾಕ್ರಿ ಮೇಡಂ, ಕೈ ಮುಗೀತೀನಿ.”

ಮಕ್ತುಮನಿಗೆ ಕೈ ಮಾಡಿದೆ. ಅವನು ವಿಡಿಯೋ ಕಳಿಸಿದ. ಈ ಸಲ ಎಲ್ಲರ ಕಣ್ಣಿಗೂ ಎಮ್ಮೆಯೇ ಕಂಡಿತು. ಯುವಕ ಮೊದಲ ಬಾರಿಗೆ ಅದನ್ನು ನೋಡಿದ. ಎಮ್ಮೆ ಅವನನ್ನು ನೋಡಿ ಮೆಲುಕು ಹಾಕಿ, ಕಿವಿ ಅಲ್ಲಾಡಿಸಿತು. ಅವನಿಗೆ ನಗು ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕ. ಅತ್ತೆ, ಏನೆಂದು ಗೊತ್ತಿಲ್ಲದಿದ್ದರೂ, ನಕ್ಕರು. ಆಮೇಲೆ ಮುಂಬೈವರೆಗೆ ಅವರಿಬ್ಬರದೇ ಮಾತು. ಹೆಸರು ಕೊಟ್ರೇಶ, ಗದಗ ಕಡೆಯವನು, ಅವನ ಮಾವನ ಮನೆಯಲ್ಲೂ ಎಮ್ಮೆ ಇದ್ದವು. ಕರು ಸತ್ತ ಎಮ್ಮೆ ಹಾಲು ಕೊಡದೆ ಮುನಿದಾಗ ಹೇಗೆ ಪುಸಲಾಯಿಸಬೇಕು ಎಂದು ಅತ್ತೆ ಅವನಿಗೆ ಹೇಳಿಕೊಟ್ಟರು. ಇಳಿಯುವಾಗ ಅವನು ಉಂಡಿಯ ಡಬ್ಬಿ ಹೊತ್ತು ತಂದುಕೊಟ್ಟ. ಅತ್ತೆ ಡಬ್ಬಿ ತೆರೆದು ಬಾಣಂತಿಯ ಉಂಡಿ ಒಂದನ್ನು ಅವನ ಕೈಯಲ್ಲಿಟ್ಟರು. ಅವನು ಅವರ ಕಾಲು ಮುಟ್ಟಿ ಓಡಿದ.

ಮಸ್ಕತ್ತಿನ ವಿಮಾನಕ್ಕೆ ಇನ್ನೂ ಹೊತ್ತಿತ್ತು. “ಎಂಥಾ ಛಲೋ ಹುಡುಗ! ಸುಮ್ನ ಎಲ್ಲಾರ ಮ್ಯಾಲೆ ಸಂಶೆ ಮಾಡಿದ್ನಲ್ಲ” ಎಂದು ಅತ್ತೆ ಸಂಭ್ರಮದಲ್ಲಿದ್ದರು. ಮಕ್ತುಮ್ ನನ್ನ ಕಿವಿಯಲ್ಲಿ, “ಹೇಳಬ್ಯಾಡ್ರಿ ನೀಲಕ್ಕಾ. ಮುಂದಿನ ಇಮಾನ ಹತ್ತಲಿ ಮೊದ್ಲ” ಎಂದ. ಬುದ್ಧಿವಂತಿಕೆಯ ಮಾತು. ಶೈಲಜಾ ಅಲ್ಲಿ ದಿನ ಎಣಿಸುತ್ತಿದ್ದಳು. ಸುಮ್ಮನಿದ್ದರೆ ಎಲ್ಲ ಸಲೀಸು. ಆದರೆ ಕಣ್ಣಿಗೆ ಬಿದ್ದರೆ ತಿರುಗಿ ಹೋಗುತ್ತೇನೆ ಎಂದು ಅವರು ಹೇಳಿದ್ದರು, ನಾನು ಒಪ್ಪಿದ್ದೆ. ಬೀಳದೆ ಇದ್ದದ್ದು ಯಂತ್ರದ ತಪ್ಪಿನಿಂದ. ಅತ್ತೆಯನ್ನು ಮೋಸದಿಂದ ಸಮುದ್ರ ದಾಟಿಸುವುದು ನನ್ನಿಂದಾಗದು.

ಹೇಳಿಬಿಟ್ಟೆ. ಆಪರೇಶನ್ ಆದ ಕಣ್ಣು, ಯಂತ್ರ, ಕೊಟ್ರೇಶನ ಸಿನಿಮಾ, ಎಲ್ಲ.

ಅತ್ತೆಯ ಕೈ ಚೀಲದ ಹಿಡಿಕೆಯ ಮೇಲಿತ್ತು. ಇನ್ನು ರೈಲು ಎಷ್ಟೊತ್ತಿಗೆ ಎಂದು ಕೇಳುತ್ತಾರೆ ಅಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂತು.

“ಅಂವಗ ನಾ ಹಾಲು ಎಷ್ಟ ಕೊಡತೈತಿ ಅಂತ ಕೇಳಿದ್ನಲ್ಲೇ” ಎಂದರು ಕಡೆಗೆ.

“ಹೌದ್ರಿ.”

“ಮೈ ಮಿಂಚತೈತಿ ಅಂದೆ.”

“ಹೌದ್ರಿ ಅತ್ತೀ.”

ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ನಗುತ್ತಿದ್ದರು. ಸದ್ದಿಲ್ಲದೆ ಶುರುವಾದ ನಗು ದೊಡ್ಡದಾಗಿ, ಅಕ್ಕಪಕ್ಕದ ಕುರ್ಚಿಯವರು ತಿರುಗಿ ನೋಡುವಂತಾಯಿತು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡೆವು. ತನ್ಮಯಿ ಏನು ಏನು ಎಂದು ನಮ್ಮ ಸುತ್ತ ಕುಣಿದಳು.

ಕಣ್ಣೊರೆಸಿಕೊಂಡು ಅತ್ತೆ ಹೇಳಿದರು. “ಹೋದ ಸಲ ನಾ ಬಾಯಿ ಬಿಡಲಿಲ್ಲ ನೋಡು. ಏನಂತ ಬಿಡೂದು? ನಾಚಿಕಿ. ಅಂವಗೂ ಗೊತ್ತಾಗಲಿಲ್ಲ, ನನಗೂ ಸಿಟ್ಟ ಹೋಗಲಿಲ್ಲ. ಈ ಸಲ ನಡುವ ಎಮ್ಮಿ ಇತ್ತು, ಮಾತಾಡಿದೆ. ಮಾತಾಡಿದ ಮ್ಯಾಲೆ ಆ ಹುಡುಗ ತಾನ ತಗದ. ಕೆಟ್ಟಾಂವ ಅಲ್ಲ ಅಂವ.”

“ಹಂಗಾರ... ರೈಲು?”

“ಯಾವ ರೈಲು? ನನ್ನ ಕಣ್ಣಿಗಿ ಬಿದ್ದದ್ದು ಎಮ್ಮಿ. ಎಮ್ಮಿ ನೋಡಿ ಯಾರರ ಮಗಳ ಬಾಣಂತನ ಬಿಡ್ತಾರೇನು?” ಆಮೇಲೆ ತುಸು ಬಾಗಿ, ಗುಟ್ಟಿನಂತೆ ಕೇಳಿದರು. “ಅಲ್ಲ ನೀಲವ್ವಾ, ನಿನ್ನ ಮಶಿನ್ನು ನನಗ ಎಷ್ಟ ವರ್ಷ ಅಂತೈತಿ?”

ಮಕ್ತುಮ್ ಟ್ಯಾಬ್ಲೆಟ್ ನೋಡಿ, “ಏಳ್ರಿ ಅಮ್ಮಾರ” ಎಂದ.

“ಏಳು” ಎಂದು ಅತ್ತೆ ಒಮ್ಮೆ ಬಾಯಲ್ಲಿ ಹೇಳಿ ನೋಡಿಕೊಂಡರು.

ಮಸ್ಕತ್ತಿನ ವಿಮಾನಕ್ಕೆ ಕರೆ ಬಂತು. ವಯಸ್ಸಾದವರೆಂದು ನಿಲ್ದಾಣದ ಒಬ್ಬ ಸಹಾಯಕ ಗಾಲಿಕುರ್ಚಿ ತಳ್ಳಿಕೊಂಡು ನೇರ ಅತ್ತೆಯ ಮುಂದೆ ಬಂದು, ಕೂತುಕೊಳ್ಳಿ ಎಂದು ಹಿಂದಿಯಲ್ಲಿ ವಿನಯವಾಗಿ ಹೇಳಿದ. ಅತ್ತೆ ಕುರ್ಚಿಯನ್ನೂ ಅವನನ್ನೂ ಮೇಲಿಂದ ಕೆಳಗೆ ನೋಡಿದರು.

“ಏ ಹೋಗೋ ಯಪ್ಪಾ, ನನಗಿನ್ನಾ ಏಳ ವರ್ಷ” ಎಂದು ಅಚ್ಚ ಕನ್ನಡದಲ್ಲಿ ಹೇಳಿ, ಉಂಡಿಯ ಡಬ್ಬಿಯನ್ನು ನನ್ನ ಕೈಗೆ ತುರುಕಿ, ತನ್ಮಯಿಯ ಕೈ ಹಿಡಿದುಕೊಂಡು ವಿಮಾನದ ಬಾಗಿಲಿನ ಕಡೆ ಓಡಿಯೇಬಿಟ್ಟರು.